ಬಿಸಿಗಲ್ಲ, ಬೆಳಕಿಗೆ ಹುಟ್ಟುವ ಕರೆಂಟು

"ಇಷ್ಟು ಉರಿಬಿಸಿಲಿದೆ, ಸೋಲಾರ್ ಪಂಪು ಇನ್ನೂ ಜೋರಾಗಿ ನೀರು ಎತ್ತಬೇಕಲ್ವಾ?" ಏಪ್ರಿಲ್ ತಿಂಗಳಲ್ಲಿ ನಮ್ಮ ಹೊಲದ ಕಡೆ ಬಂದವರು ಕೇಳುವ ಮಾತಿದು. ಹಾಗೆ ಅನ್ನಿಸುವುದು ಸಹಜ. ಆದರೆ ಎತ್ತಲ್ಲ. ಹಿಂದಿನ ದಿನ ಮಳೆ ಬಂದು ಧೂಳು ತೊಳೆದು, ಆಕಾಶ ಶುಭ್ರವಾಗಿ, ತಣ್ಣನೆ ಗಾಳಿ ಬೀಸುತ್ತಿದ್ದರೆ ಅದೇ ಪಂಪು ಉರಿಬಿಸಿಲಿನ ದಿನಕ್ಕಿಂತ ಚೆನ್ನಾಗಿ ಓಡುತ್ತದೆ.

ನನ್ನದು ಯಲಹಂಕ ತಾಲ್ಲೂಕು ಹೆಸರಘಟ್ಟ ಹೋಬಳಿಯಲ್ಲಿ ಮೂರು ಎಕರೆ ಖುಷ್ಕಿ. ರಾಗಿ, ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು. ಒಂದು ಕೃಷಿ ಹೊಂಡ ಇದೆ. ಅದರ ದಡದಲ್ಲಿ 330 ವ್ಯಾಟಿನ ಎರಡು ಪ್ಯಾನೆಲ್, ಒಂದು ಚಿಕ್ಕ ಡಿಸಿ ಪಂಪು. ನಾನು ಓದಿದ್ದು ಏಳನೇ ಕ್ಲಾಸು. ಮಗಳ ದ್ವಿತೀಯ ಪಿಯುಸಿ ಭೌತಶಾಸ್ತ್ರದ ಪುಸ್ತಕ, ಪ್ರತಿ ವರ್ಷ ಹೋಗುವ ಜಿಕೆವಿಕೆ ಕೃಷಿ ಮೇಳ, ಒಂದು ಮಲ್ಟಿಮೀಟರು, ಈ ಮೂರರಿಂದ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಪ್ಯಾನೆಲಿನೊಳಗೆ ನಡೆಯುವುದು ಏನು ಅಂತ ಗೊತ್ತಿದ್ದರೆ, ಸಾಲ ಮಾಡಿ ದುಡ್ಡು ಹಾಕುವ ಮುಂಚೆ ನಮ್ಮ ಲೆಕ್ಕ ನಾವೇ ಹಾಕಬಹುದು.

ಎರಡು ಥರದ ಸೋಲಾರು

ಯಲಹಂಕ, ಹೆಬ್ಬಾಳದ ಕಡೆ ಮನೆಗಳ ತಾರಸಿ ನೋಡಿ. ಎರಡು ಥರದ ಸೋಲಾರ್ ಕಾಣುತ್ತದೆ. ಒಂದು ಸ್ನಾನದ ನೀರು ಕಾಯಿಸುವುದು. ಅದಕ್ಕೆ ಬೇಕಾದದ್ದು ಬಿಸಿ. ಕಪ್ಪು ಬಳಿದ ಕೊಳವೆ ಕಾಯುತ್ತದೆ, ಒಳಗಿನ ನೀರೂ ಕಾಯುತ್ತದೆ. ಅಂಗಳದಲ್ಲಿ ಇಟ್ಟ ಹಿತ್ತಾಳೆ ಕೊಳಗದ ನೀರು ಬೆಚ್ಚಗಾಗುವುದಕ್ಕೂ ಅದಕ್ಕೂ ವ್ಯತ್ಯಾಸ ಏನಿಲ್ಲ.

ಇನ್ನೊಂದು ಕರೆಂಟಿನ ಪ್ಯಾನೆಲ್. ಇದರಲ್ಲಿ ಯಾವುದೂ ಕಾಯಬೇಕಿಲ್ಲ, ತಿರುಗಬೇಕಿಲ್ಲ. ಇಲ್ಲಿ ಕೆಲಸ ಮಾಡುವುದು ಬೆಳಕು ಮಾತ್ರ. ನಂಬಿಕೆ ಬರದಿದ್ದರೆ ಕತ್ತಲಲ್ಲಿ ಒಂದು ಪುಟ್ಟ ಪ್ಯಾನೆಲನ್ನು ಕಾದ ಹೆಂಚಿನ ಎದುರು ಹಿಡಿದು ಮೀಟರ್ ಇಡಿ. ಕೈ ಸುಡುವಷ್ಟು ಶಾಖ ಇದ್ದರೂ ಮುಳ್ಳು ಏಳಲ್ಲ. ಟಾರ್ಚ್ ಬಿಡಿ, ತಣ್ಣಗಿರುವ ಪ್ಯಾನೆಲಿನಲ್ಲೇ ಮುಳ್ಳು ಏಳುತ್ತದೆ.

ಇದು ಯಾಕೆ ಹೀಗೆ ಅನ್ನುವುದರಲ್ಲೇ ಉಳಿದದ್ದೆಲ್ಲ ಇದೆ.

ಬೆಳಕೂ ಕಾಳು ಕಾಳೇ

ಕಣದಲ್ಲಿ ಮೊರದಿಂದ ರಾಗಿ ಸುರಿಯುವುದನ್ನು ದೂರದಿಂದ ನೋಡಿದರೆ ನೀರಿನ ಧಾರೆ ಬಿದ್ದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಬಿಡಿ ಬಿಡಿ ಕಾಳು. ಬೆಳಕೂ ಹಂಗೆ. ನಮಗೆ ಅದು ಹರಿದು ಬಂದಂತೆ ಕಾಣುತ್ತದೆ. ಆದರೆ ವಸ್ತುವಿಗೆ ತಾಗಿ ಶಕ್ತಿ ಕೊಡುವಾಗ ಕಾಳು ಕಾಳಾಗಿಯೇ ಕೊಡುತ್ತದೆ. ಈ ಕಾಳಿಗೆ ಫೋಟಾನ್ ಅಂತ ಹೆಸರು.

ಇದು ಒಂದೇ ದಿನದಲ್ಲಿ ಗೊತ್ತಾದದ್ದಲ್ಲ. 1887ರಲ್ಲಿ ಜರ್ಮನಿಯ ಹರ್ಟ್ಸ್ ಅನ್ನುವವರು, ಲೋಹದ ಎರಡು ತುದಿಗಳ ಮೇಲೆ ನೇರಳಾತೀತ ಬೆಳಕು ಬಿದ್ದರೆ ಅವುಗಳ ನಡುವೆ ಕಿಡಿ ಸುಲಭವಾಗಿ ಹಾರುವುದನ್ನು ಕಂಡರು. ಬೆಳಕು ಲೋಹದಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಹಾಕುತ್ತದೆ ಅನ್ನುವುದು ಆಮೇಲೆ ತಿಳಿಯಿತು. ಎಲೆಕ್ಟ್ರಾನ್ ಅಂದರೆ ಪ್ರತಿ ಪರಮಾಣುವಿನಲ್ಲೂ ಇರುವ ಅತಿ ಸಣ್ಣ ಕಣ. ಅದು ತಂತಿಯಲ್ಲಿ ಸಾಲಾಗಿ ಸಾಗುವುದನ್ನೇ ನಾವು ಕರೆಂಟು ಅನ್ನುವುದು.

1902ರಲ್ಲಿ ಲೆನಾರ್ಡ್ ಅನ್ನುವವರು ಇನ್ನೊಂದು ವಿಚಿತ್ರ ಕಂಡರು. ಬೆಳಕನ್ನು ಜೋರು ಮಾಡಿದರೆ ಹೆಚ್ಚು ಎಲೆಕ್ಟ್ರಾನ್ ಹೊರಗೆ ಬಂದವು, ಆದರೆ ಒಂದೊಂದರ ವೇಗ ಹೆಚ್ಚಾಗಲಿಲ್ಲ. ವೇಗ ಬದಲಾಗುತ್ತಿದ್ದದ್ದು ಬೆಳಕಿನ ಬಣ್ಣ ಬದಲಾದಾಗ. 1905ರಲ್ಲಿ ಐನ್‌ಸ್ಟೈನ್ ಇದನ್ನು ಬಿಡಿಸಿ ಹೇಳಿದರು: ಬೆಳಕು ಶಕ್ತಿಯ ಕಾಳುಗಳಾಗಿ ಬರುತ್ತದೆ, ಒಂದು ಕಾಳಿನ ಶಕ್ತಿ ಅದರ ಬಣ್ಣಕ್ಕೆ ತಕ್ಕಂತೆ ಇರುತ್ತದೆ, ಒಂದು ಕಾಳು ಒಂದು ಎಲೆಕ್ಟ್ರಾನ್‌ಗೆ ತಾಗುತ್ತದೆ. ಅವರಿಗೆ 1921ರ ನೊಬೆಲ್ ಬಹುಮಾನ ಕೊಟ್ಟಾಗ ಹೆಸರಿಸಿದ್ದು ಈ ಕೆಲಸವನ್ನೇ.

ನಮ್ಮ ಊರಿನ ನಂಟೂ ಇದಕ್ಕಿದೆ. ಮೇಖ್ರಿ ಸರ್ಕಲ್ ಹತ್ತಿರ ಸಂಶೋಧನಾ ಸಂಸ್ಥೆಯನ್ನು 1948ರಲ್ಲಿ ಶುರು ಮಾಡಿದ ಸರ್ ಸಿ.ವಿ. ರಾಮನ್ ಅದಕ್ಕೂ 20 ವರ್ಷ ಮುಂಚೆ, 1928ರಲ್ಲಿ, ಬೆಳಕು ಅಣುವಿಗೆ ತಾಗಿದಾಗ ತನ್ನ ಶಕ್ತಿಯಲ್ಲಿ ಒಂದು ಪಾಲು ಕೊಟ್ಟು ಬಣ್ಣ ಬದಲಿಸಿಕೊಂಡು ಹೊರಬರುವುದನ್ನು ತೋರಿಸಿದರು. ಮಾರ್ಚ್ 16ರಂದು ಅದನ್ನು ವಿವರಿಸಿ ಮಾತಾಡಿದ್ದು ಬೆಂಗಳೂರಿನಲ್ಲೇ. ಬೆಳಕು ಕಾಳು ಅನ್ನುವುದಕ್ಕೆ ಅದೂ ಒಂದು ಗಟ್ಟಿ ಸಾಕ್ಷಿ ಆಯಿತು.

ಹುಣಸೆಕಾಯಿ ಬೀಳಿಸಲು ಕಲ್ಲೇ ಬೇಕು

ಹುಣಸೆಮರಕ್ಕೆ ಒಂದು ಪಲ್ಲ ರಾಗಿಕಾಳು ತೂರಿದರೂ ಒಂದು ಕಾಯಿ ಬೀಳಲ್ಲ. ಸರಿಯಾಗಿ ತಾಗುವ ಒಂದೇ ಕಲ್ಲಿಗೆ ಬೀಳುತ್ತದೆ. ಕಾಳು ಎಷ್ಟು ಅನ್ನುವುದು ಮುಖ್ಯ ಅಲ್ಲ, ಒಂದೊಂದರ ಏಟು ಎಷ್ಟು ಅನ್ನುವುದು ಮುಖ್ಯ. ತೊಟ್ಟು ಮುರಿಯುವಷ್ಟು ಏಟು ಇರಬೇಕು.

ಪ್ಯಾನೆಲಿನಲ್ಲಿರುವ ಸಿಲಿಕಾನ್ ಪರಮಾಣುವಿನಿಂದ ಎಲೆಕ್ಟ್ರಾನ್ ಬಿಡಿಸಲು 1.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಇದು ಇಂಥ ಸಣ್ಣ ಏಟುಗಳನ್ನು ಅಳೆಯುವ ಸೇರು ಅಂತ ಇಟ್ಟುಕೊಳ್ಳಿ. ಕೆಂಪು ಬೆಳಕಿನ ಒಂದು ಕಾಳಿಗೆ ಸುಮಾರು 1.8, ನೀಲಿಗೆ ಸುಮಾರು 2.7 ಶಕ್ತಿ ಇದೆ. ಎರಡೂ ಸಾಕು. ಕಾದ ಹೆಂಚಿನಿಂದ ಬರುವ ಶಾಖದ ಕಾಳುಗಳಲ್ಲಿ ಹೆಚ್ಚಿನವಕ್ಕೆ ಅರ್ಧವೂ ಇರಲ್ಲ. ಹಂಗಾಗಿ ಕೋಟಿ ಕೋಟಿ ಬಿದ್ದರೂ ಒಂದೂ ಎಲೆಕ್ಟ್ರಾನ್ ಬಿಡಲ್ಲ. ಹೆಂಚಿನ ಎದುರು ಮುಳ್ಳು ಏಳದೆ ಇದ್ದದ್ದು ಇದಕ್ಕೆ.

ನೀಲಿ ಕಾಳಿನ ಏಟು ಬೇಕಾದ್ದಕ್ಕಿಂತ ಹೆಚ್ಚು. ಆದರೂ ಒಂದು ಕಾಳು ಬಿಡಿಸುವುದು ಒಂದೇ ಎಲೆಕ್ಟ್ರಾನ್. ಮಿಕ್ಕ ಶಕ್ತಿ ಪ್ಯಾನೆಲನ್ನು ಕಾಯಿಸುವುದಕ್ಕೆ ಹೋಗುತ್ತದೆ. ನಡುಮಧ್ಯಾಹ್ನ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1000 ವ್ಯಾಟ್ ಬಿಸಿಲು ಬೀಳುತ್ತದೆ. ಈಗಿನ ಒಳ್ಳೆಯ ಪ್ಯಾನೆಲ್ ಅದರಲ್ಲಿ 200 ವ್ಯಾಟಿನ ಆಸುಪಾಸು ಕರೆಂಟು ಮಾಡುತ್ತದೆ. ಉಳಿದದ್ದರಲ್ಲಿ ಬಹುಪಾಲು ಬಿಸಿಯೇ.

ಬೆಣಚುಕಲ್ಲು, ರಂಜಕ, ಬೋರಾನು

ಸಿಲಿಕಾನ್ ಅಂದರೆ ಪರದೇಶದ ಪದಾರ್ಥ ಅಲ್ಲ. ನಮ್ಮ ಹೊಲಗಳಲ್ಲಿ ನೇಗಿಲಿಗೆ ಸಿಗುವ ಬಿಳಿ ಬೆಣಚುಕಲ್ಲಿನಲ್ಲಿ ಇರುವುದು ಸಿಲಿಕಾನ್ ಮತ್ತು ಆಮ್ಲಜನಕ. ಅದನ್ನು ಕುಲುಮೆಯಲ್ಲಿ ಬೇರ್ಪಡಿಸಿ, ಅತ್ಯಂತ ಶುದ್ಧ ಮಾಡಿ, ಬೆಳೆದ ಗಟ್ಟಿಯನ್ನು ತೆಳ್ಳಗೆ ಕುಯ್ದು ಬಿಲ್ಲೆ ಮಾಡುತ್ತಾರೆ. ಬಿಲ್ಲೆಯ ದಪ್ಪ ಒಂದು ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ.

ಬರೀ ಎಲೆಕ್ಟ್ರಾನ್ ಬಿಡಿಸಿದರೆ ಕರೆಂಟು ಆಗಲ್ಲ. ಬಿಟ್ಟ ಎಲೆಕ್ಟ್ರಾನ್ ಪುನಃ ಖಾಲಿ ಜಾಗಕ್ಕೆ ಬಿದ್ದು ಕೂತುಬಿಡುತ್ತದೆ. ಸಮತಟ್ಟು ಹೊಲದಲ್ಲಿ ಬಿದ್ದ ಮಳೆ ಅಲ್ಲೇ ಇಂಗುವ ಹಾಗೆ. ಅದು ಒಂದು ಕಡೆಗೇ ಹರಿಯಬೇಕಾದರೆ ಇಳಿಜಾರು ಬೇಕು. ಆ ಇಳಿಜಾರನ್ನು ಮಾಡುವುದು ನಮಗೆ ಗೊತ್ತಿರುವ ಎರಡು ವಸ್ತುಗಳಿಂದಲೇ: ಡಿಎಪಿಯಲ್ಲಿರುವ ರಂಜಕ, ಲಘು ಪೋಷಕಾಂಶ ಅಂತ ಸಿಂಪಡಿಸುವ ಬೋರಾನು.

ಬಿಲ್ಲೆಯ ಕೆಳಭಾಗದಲ್ಲಿ ಲಕ್ಷಾಂತರ ಸಿಲಿಕಾನ್ ಪರಮಾಣುಗಳ ನಡುವೆ ಒಂದರ ಹಾಗೆ ಬೋರಾನು ಸೇರಿಸುತ್ತಾರೆ. ಸಿಲಿಕಾನ್ ಪಕ್ಕದವರ ಜೊತೆ ಕೈ ಹಿಡಿಯಲು ನಾಲ್ಕು ಎಲೆಕ್ಟ್ರಾನ್ ಬಳಸುತ್ತದೆ. ಬೋರಾನಿನಲ್ಲಿ ಇರುವುದು ಮೂರೇ. ಹಾಗಾಗಿ ಒಂದು ಜಾಗ ಖಾಲಿ. ಮೇಲುಗಡೆ ತೆಳ್ಳನೆ ಪದರಕ್ಕೆ ರಂಜಕ ಸೇರಿಸುತ್ತಾರೆ. ರಂಜಕದಲ್ಲಿ ಐದು. ಒಂದು ಎಲೆಕ್ಟ್ರಾನ್ ಹೆಚ್ಚಾಗಿ ಉಳಿಯುತ್ತದೆ. ಎರಡು ಪದರ ಕೂಡುವ ಗೆರೆಯಲ್ಲಿ ಹೆಚ್ಚಾದವು ಖಾಲಿ ಜಾಗಗಳನ್ನು ತುಂಬುತ್ತವೆ, ಅಲ್ಲೊಂದು ವಿದ್ಯುತ್ತಿನ ಇಳಿಜಾರು ಶಾಶ್ವತವಾಗಿ ನಿಲ್ಲುತ್ತದೆ. ಆಮೇಲೆ ಬೆಳಕಿನ ಕಾಳು ಬಿಡಿಸಿದ ಎಲೆಕ್ಟ್ರಾನ್ ಈ ಇಳಿಜಾರಿಗೆ ಸಿಕ್ಕಿ ಮೇಲಿನ ಪದರಕ್ಕೇ ಹೋಗುತ್ತದೆ. ಅಲ್ಲಿ ಬೆಳ್ಳಿಯ ಸಣ್ಣ ಗೆರೆಗಳು ಅದನ್ನು ಕೂಡಿಸಿಕೊಂಡು ತಂತಿಗೆ ಕೊಡುತ್ತವೆ. ಎಲೆಕ್ಟ್ರಾನ್ ತಂತಿ ಹಿಡಿದು ಮೋಟರಿಗೆ ಹೋಗಿ, ಕೆಲಸ ಮಾಡಿ, ಬಿಲ್ಲೆಯ ಹಿಂಬದಿಯಿಂದ ವಾಪಸ್ ಬಂದು ಖಾಲಿ ಜಾಗ ತುಂಬುತ್ತದೆ.

"ದಿನಾ ಎಲೆಕ್ಟ್ರಾನ್ ಹೋಗ್ತಾ ಇದ್ರೆ ಪ್ಯಾನೆಲ್ ಖಾಲಿ ಆಗಲ್ವಾ?" ಅಂತ ನಮ್ಮ ಪಕ್ಕದ ಹೊಲದವರು ಕೇಳಿದರು. ಒಳ್ಳೆಯ ಪ್ರಶ್ನೆ. ಹೋದದ್ದೆಲ್ಲ ಸುತ್ತು ಹಾಕಿ ಬರುತ್ತದೆ, ಅದಕ್ಕೇ ಖಾಲಿ ಆಗಲ್ಲ. ಮೇಲೆ ಹೇಳಿದ ಲೋಹದ ಪ್ರಯೋಗಕ್ಕೂ ಪ್ಯಾನೆಲಿಗೂ ವ್ಯತ್ಯಾಸ ಇಷ್ಟೇ: ಅಲ್ಲಿ ಎಲೆಕ್ಟ್ರಾನ್ ಲೋಹ ಬಿಟ್ಟು ಹೊರಕ್ಕೆ ಹಾರುತ್ತದೆ, ಇಲ್ಲಿ ಪರಮಾಣು ಬಿಟ್ಟರೂ ಸಿಲಿಕಾನ್ ಒಳಗೇ ಇರುತ್ತದೆ.

ಇಂಥ ಸಿಲಿಕಾನ್ ಕೋಶವನ್ನು ಮೊದಲು ಕೆಲಸಕ್ಕೆ ಬರುವಂತೆ ಮಾಡಿ ತೋರಿಸಿದ್ದು 1954ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಯಶವಂತಪುರದಿಂದ ಮುಂದಿರುವ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ, ಉಡುಪಿ ಕಡೆಯ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಅದು ಮೇಲೆ ಹೋಯಿತು. ತೂಕ 360 ಕಿಲೋ, ಮೈಮೇಲೆಲ್ಲ ಸೌರಕೋಶ, ಸಿಗುತ್ತಿದ್ದ ಕರೆಂಟು ಸುಮಾರು 46 ವ್ಯಾಟ್. ಇವತ್ತು ಅದರ ಏಳರಷ್ಟು ಕೊಡುವ ಒಂದು ಪ್ಯಾನೆಲನ್ನು ನಾವು ಹೊಂಡದ ದಡದಲ್ಲಿ ನಿಲ್ಲಿಸುತ್ತೇವೆ. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟ್ ನಿಂತಿದೆ. ಎಲ್ಲದರ ಒಳಗೂ ನಡೆಯುವುದು ಇದೇ ಕೆಲಸ.

ಹೊಲದಲ್ಲಿ ಇದರಿಂದ ತಿಳಿಯುವುದು

ಮೋಡ: ಮೋಡ ಬಂದರೆ ಬೆಳಕಿನ ಕಾಳುಗಳ ಸಂಖ್ಯೆ ಕಡಿಮೆ ಆಗುತ್ತದೆ, ಒಂದೊಂದರ ಏಟು ಹಾಗೇ ಇರುತ್ತದೆ. ಆದ್ದರಿಂದ ವೋಲ್ಟ್ ಅಷ್ಟಾಗಿ ಬೀಳಲ್ಲ, ಆಂಪಿಯರ್ ಬೀಳುತ್ತದೆ. ನನ್ನ ಪ್ಯಾನೆಲಿಗೆ ಮೀಟರ್ ಇಟ್ಟರೆ ಮೋಡದಲ್ಲೂ 40 ದಾಟಿ ವೋಲ್ಟ್ ತೋರಿಸುತ್ತದೆ, ಪಂಪು ಮಾತ್ರ ಏಳಲ್ಲ. "ವೋಲ್ಟ್ ಸರಿಯಾಗಿದೆ, ಪಂಪೇ ಕೆಟ್ಟಿದೆ" ಅಂತ ಮೆಕ್ಯಾನಿಕ್ ಕರೆಸಬೇಡಿ. ಬಿಸಿಲು ಬರುವ ತನಕ ಕಾಯಿರಿ.

ಬಿಸಿ: ಪ್ಯಾನೆಲ್ ಕಾದಷ್ಟೂ ಒಳಗಿನ ಇಳಿಜಾರು ತಗ್ಗುತ್ತದೆ, ಬಿಡಿಸಿದ ಎಲೆಕ್ಟ್ರಾನ್ ಹಿಂದಕ್ಕೆ ಸೋರುತ್ತದೆ. 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೆ ನೂರಕ್ಕೆ ಸುಮಾರು 0.4ರಷ್ಟು ಉತ್ಪತ್ತಿ ಕಡಿಮೆ ಆಗುತ್ತದೆ. ಬೇಸಿಗೆ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿಗೆ ಹೋಗುವುದು ಸಾಮಾನ್ಯ. ಆಗ ನೂರಕ್ಕೆ 14 ಹೋಯಿತು. ನನ್ನಲ್ಲಿ ಬೆಳಿಗ್ಗೆ ತಂಪಿನಲ್ಲಿ 45 ವೋಲ್ಟ್ ತೋರಿಸುವ ಪ್ಯಾನೆಲ್ ಏಪ್ರಿಲ್ ಮಧ್ಯಾಹ್ನ 41ಕ್ಕೆ ಇಳಿಯುತ್ತದೆ. ಪ್ಯಾನೆಲನ್ನು ಶೀಟಿಗೆ ಅಂಟಿಸಿದ ಹಾಗೆ ಕೂರಿಸಬೇಡಿ. ಅಡಿಯಲ್ಲಿ ಗಾಳಿ ಆಡಲಿ.

ನೆರಳು: ಎಲ್ಲಕ್ಕಿಂತ ಹೆಚ್ಚು ನಷ್ಟ ಇದರಲ್ಲೇ. ಒಂದು ಬಿಲ್ಲೆಯಿಂದ ಸಿಗುವುದು ಅರ್ಧ ವೋಲ್ಟಿಗಿಂತ ಸ್ವಲ್ಪ ಹೆಚ್ಚು. ಅದಕ್ಕೇ ನನ್ನ ಪ್ಯಾನೆಲಿನಲ್ಲಿ 72 ಬಿಲ್ಲೆಗಳನ್ನು ಒಂದರ ಬಾಲಕ್ಕೆ ಒಂದು ಕಟ್ಟಿದ್ದಾರೆ. ಒಂದು ಬಿಲ್ಲೆಗೆ ನೆರಳು ಬಿದ್ದರೆ ಅಲ್ಲಿ ಎಲೆಕ್ಟ್ರಾನ್ ಬಿಡುವುದು ನಿಲ್ಲುತ್ತದೆ. ಪೈಪನ್ನು ಒಂದು ಕಡೆ ತುಳಿದರೆ ಇಡೀ ಪೈಪಿನ ನೀರು ನಿಲ್ಲುವ ಹಾಗೆ ಸಾಲೆಲ್ಲ ಸೊರಗುತ್ತದೆ. ಇದಕ್ಕೆ ಪರಿಹಾರ ಅಂತ ಪ್ಯಾನೆಲಿನ ಹಿಂದೆ ಸಾಮಾನ್ಯವಾಗಿ ಮೂರು ಡಯೋಡ್ ಇಟ್ಟಿರುತ್ತಾರೆ. ಅವು ಇದ್ದರೂ ಒಂದು ಬಿಲ್ಲೆಯ ನೆರಳಿಗೆ ಪ್ಯಾನೆಲಿನ ಮೂರನೇ ಒಂದು ಭಾಗ ಹೋದ ಹಾಗೆ. ಬದುವಿನ ಸಿಲ್ವರ್ ಓಕ್, ನೀಲಗಿರಿ, ಕರೆಂಟು ಕಂಬ, ಎಲ್ಲದರ ನೆರಳು ಬೆಳಿಗ್ಗೆ ಎಲ್ಲಿ, ಸಂಜೆ ಎಲ್ಲಿ ಅಂತ ನೋಡಿ ಜಾಗ ಆರಿಸಿ. ಕಾಗೆ ಹಿಕ್ಕೆಯನ್ನೂ ಕಡೆಗಣಿಸಬೇಡಿ.

ಧೂಳು: ನಮ್ಮ ಸುತ್ತ ಲೇಔಟು ಏಳುತ್ತಿವೆ, ಎಂ-ಸ್ಯಾಂಡ್ ಲಾರಿಗಳು ಓಡಾಡುತ್ತವೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಬೆಳಗಿನ ತಂಪಿನಲ್ಲಿ ಬರೀ ನೀರು ಮತ್ತು ಮೆತ್ತನೆ ಬಟ್ಟೆಯಿಂದ ಒರೆಸುತ್ತೇನೆ. ಕಾದ ಗಾಜಿಗೆ ತಣ್ಣೀರು ಎರಚಬಾರದು.

ಓರೆ: ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮುಖ ದಕ್ಷಿಣಕ್ಕೆ, ಓರೆ 13ರಿಂದ 15 ಡಿಗ್ರಿ ಇದ್ದರೆ ವರ್ಷಪೂರ್ತಿ ಸರಿ. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಸೂರ್ಯ ನೆತ್ತಿಗೆ ನೇರ ಬರುತ್ತಾನೆ. ನಡುವಿನ ತಿಂಗಳುಗಳಲ್ಲಿ ಕೊಂಚ ಉತ್ತರಕ್ಕೆ ವಾಲಿರುತ್ತಾನೆ, ಉಳಿದೆಲ್ಲ ದಿನ ದಕ್ಷಿಣದಲ್ಲೇ.

ಎಚ್ಚರ: ಬೆಳಕು ಬೀಳುವ ತನಕ ಪ್ಯಾನೆಲಿಗೆ ಸ್ವಿಚ್ ಆಫ್ ಅನ್ನುವುದಿಲ್ಲ. ಎಲೆಕ್ಟ್ರಾನ್ ಬಿಡುತ್ತಲೇ ಇರುತ್ತದೆ. ಹತ್ತು ಪ್ಯಾನೆಲ್ ಸಾಲಾಗಿ ಕಟ್ಟಿದ್ದರೆ 400 ವೋಲ್ಟ್ ದಾಟುತ್ತದೆ, ಅದೂ ಡಿಸಿ. ಅಂಥ ಕಡೆ ತಂತಿ ಬಿಚ್ಚುವ ಕೆಲಸ ಬಲ್ಲವರದ್ದು. ಅವರೂ ಮೊದಲು ದಪ್ಪ ಟಾರ್ಪಾಲು ಹೊದಿಸುವುದು ಒಳ್ಳೆಯದು.

ನೀರು ಎಷ್ಟು ಆಳದಲ್ಲಿದೆ?

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಒಂದು ಕಾಳಿಗೆ ಒಂದೇ ಎಲೆಕ್ಟ್ರಾನ್ ಅಂದಮೇಲೆ ಒಂದು ಪ್ಯಾನೆಲ್ ದಿನಕ್ಕೆ ಕೊಡುವ ಕರೆಂಟಿಗೆ ಮಿತಿ ಇದೆ. ನಮ್ಮ ರಾಜ್ಯದಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲಿಗೆ ವರ್ಷದ ಸರಾಸರಿ ದಿನಕ್ಕೆ ಸುಮಾರು 4 ಯೂನಿಟ್ ಅಂತ ಲೆಕ್ಕ ಹಿಡಿಯಬಹುದು. ಹಾಗಾದರೆ 330 ವ್ಯಾಟಿನ ಒಂದು ಪ್ಯಾನೆಲಿಗೆ 1.3 ಯೂನಿಟ್.

ಸಾವಿರ ಲೀಟರ್ ನೀರನ್ನು ಒಂದು ಮೀಟರ್ ಎತ್ತಲು 2.7 ವ್ಯಾಟ್‌ಅವರ್ ಬೇಕು. ಪಂಪು, ಪೈಪಿನಲ್ಲಿ ಹೋಗುವುದನ್ನು ಕಳೆದು ನೂರಕ್ಕೆ 40 ಪಾಲು ನೀರಿಗೆ ಸಿಕ್ಕಿತು ಅಂತ ಇಟ್ಟುಕೊಳ್ಳೋಣ. ಹೊಂಡದಿಂದ ಹೊಲಕ್ಕೆ ಒಟ್ಟು 8 ಮೀಟರ್ ಎತ್ತಿದರೆ ಆ ಒಂದು ಪ್ಯಾನೆಲ್ ದಿನಕ್ಕೆ ಸುಮಾರು 24,000 ಲೀಟರ್ ಎತ್ತುತ್ತದೆ. ಅದೇ ಪ್ಯಾನೆಲ್ 240 ಮೀಟರ್, ಅಂದರೆ ಸುಮಾರು 800 ಅಡಿ ಬೋರ್‌ವೆಲ್ಲಿನಿಂದ ಎತ್ತುವುದು 800 ಲೀಟರ್. ಮೂವತ್ತರಲ್ಲಿ ಒಂದು ಪಾಲು.

ನಮ್ಮ ಉತ್ತರ ಬೆಂಗಳೂರಿನಲ್ಲಿ ಬೋರು ಸಾವಿರ ಅಡಿ ದಾಟಿರುವುದು ಎಲ್ಲರಿಗೂ ಗೊತ್ತು. ಒಬ್ಬ ಮಾರಾಟಗಾರ ನಮ್ಮೂರಿಗೆ ಬಂದು "ನಿಮ್ಮ ಕಡೆ ಬಿಸಿಲು ಜೋರು, ಎಷ್ಟು ಆಳ ಇದ್ರೂ ಎತ್ತುತ್ತೆ" ಅಂದರು. ಬಿಸಿಲು ಜೋರಿರುವುದಕ್ಕೂ ಆಳಕ್ಕೂ ಏನು ಸಂಬಂಧ? ಆಳ ಹೆಚ್ಚಿದಷ್ಟೂ ಪ್ಯಾನೆಲ್ ಹೆಚ್ಚಿಸುತ್ತಾ ಹೋಗಬೇಕು. 2019ರಲ್ಲಿ ಶುರುವಾದ ಪಿಎಂ ಕುಸುಮ್ ಯೋಜನೆಯಲ್ಲಿ ಸೋಲಾರ್ ಪಂಪಿಗೆ ಸಹಾಯಧನ ಇದೆ. ಅರ್ಜಿ ಹಾಕುವವರು ಮೊದಲು ಬೋರಿನ ನೀರಿನ ಮಟ್ಟ ಅಳೆಸಿ, ಮೇಲಿನ ಲೆಕ್ಕ ಹಾಕಿ, ಆಮೇಲೆ ಎಚ್‌ಪಿ ಬರೆಸಿ. ರಾತ್ರಿ ಕೊಡುವ ತ್ರೀ ಫೇಸಿಗೆ ಹಾವು ಹುಳದ ನಡುವೆ ಹೋಗಿ ಮೋಟರ್ ಹಾಕುವುದು ತಪ್ಪುತ್ತದೆ, ಅದು ದೊಡ್ಡ ಲಾಭವೇ. ಆದರೆ ಬೋರಿನಲ್ಲಿ ಇಲ್ಲದ ನೀರನ್ನು ಬೆಳಕು ಹುಟ್ಟಿಸಲ್ಲ.

ಹೊಂಡದವರಿಗೂ ಒಂದು ಮಾತು. ಮೇಲೆ ಹತ್ತು ಮೀಟರ್ ಉದ್ದಗಲ, ಮೂರು ಮೀಟರ್ ಆಳ, ಇಳಿಜಾರು ದಡದ ಹೊಂಡದಲ್ಲಿ ತುಂಬಿದಾಗ ಸುಮಾರು ಒಂದೂವರೆ ಲಕ್ಷ ಲೀಟರ್ ಇರುತ್ತದೆ. ನನ್ನ ಎರಡು ಪ್ಯಾನೆಲ್ ಅದನ್ನು ಮೂರು ನಾಲ್ಕು ದಿನದಲ್ಲಿ ಬರಿದು ಮಾಡಬಲ್ಲವು. ಒಂದು ಎಕರೆಗೆ ಒಂದು ಅಂಗುಲ ನೀರು ಕೊಡಲು ಒಂದು ಲಕ್ಷ ಲೀಟರ್ ಬೇಕು. ಅಂದರೆ ಹೊಂಡದ ನೀರು ಒಂದೂವರೆ ಎಕರೆ ರಾಗಿಗೆ ಒಂದು ಸಲಕ್ಕೆ ಮಾತ್ರ. ಹಾಗಾಗಿ ನಾನು ಪಂಪು ಹಾಕುವುದು ರಾಗಿ ತೆನೆ ಬಿಚ್ಚುವಾಗ ಮಳೆ ಕೈಕೊಟ್ಟರೆ ಮಾತ್ರ. ಆ ಒಂದು ನೀರು ಸಿಕ್ಕಿದರೆ ತೆನೆ ಜೊಳ್ಳಾಗಲ್ಲ.

ಪ್ಯಾನೆಲ್ ಕೊಳ್ಳುವ ಮುಂಚೆ ಮೂರನ್ನು ಬರೆದಿಟ್ಟುಕೊಳ್ಳಿ: ನೀರು ಎಷ್ಟು ಮೀಟರ್ ಕೆಳಗಿದೆ, ದಿನಕ್ಕೆ ಎಷ್ಟು ಲೀಟರ್ ಬೇಕು, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರ ತನಕ ಆ ಜಾಗದಲ್ಲಿ ನೆರಳು ಬೀಳುತ್ತದಾ. ಈ ಮೂರು ಇದ್ದರೆ ಯಾರು ಏನು ಹೇಳಿದರೂ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ.